ಜೆಥ್ರೊ ಟಲ್: ‘ಕ್ಯೂರಿಯಸ್ ರೂಮಿನಂಟ್’ ಕೇಳಿದ್ದಾಯ್ತು, ಹಿಂದಕ್ಕೆ ಹೋಗೋ ದಾರಿ ಯಾವುದು?

ಎಲೆಅಡಿಕೆ:

ಬ್ರಿಟಿಷ್ ರಾಕ್ ಬ್ಯಾಂಡ್ ಜೆಥ್ರೊ ಟಲ್ 2025ರ ಮಾರ್ಚಿನಲ್ಲಿ ತಂದ ಆಲ್ಬಮ್ ‘ಕ್ಯೂರಿಯಸ್ ರೂಮಿನಂಟ್’ ಬಗ್ಗೆ ಬಲ್ಲವರು ಹೇಳಿ. ಒಂಬತ್ತು ಹಾಡು, ಅದರಲ್ಲಿ ‘ಡ್ರಿಂಕ್ ಫ್ರಮ್ ದ ಸೇಮ್ ವೆಲ್’ ಒಂದೇ ಹದಿನೇಳು ನಿಮಿಷದ ಹತ್ತಿರ. ಆಲ್ಬಮ್ ಬಂದಾಗ ಬ್ಯಾಂಡಿನ ಹಾಡುಗಾರ, ಕೊಳಲುವಾದಕ ಇಯನ್ ಆ್ಯಂಡರ್ಸನ್‌ಗೆ 77 ವರ್ಷ. ಕೊಳಲು ಗಟ್ಟಿಯಾಗಿದೆ, ದನಿ ಮಾತ್ರ ಹಾಡೋದಕ್ಕಿಂತ ಹೇಳೋದಕ್ಕೆ ಹತ್ತಿರ.

ಹಳೆಯ ಗಿಟಾರಿಸ್ಟ್ ಮಾರ್ಟಿನ್ ಬಾರ್ ಇಲ್ಲದ್ದನ್ನ ಟಲ್ ಅಂತ ಕರೆಯಬಹುದಾ? ಹಳೆಯದರಲ್ಲಿ ಯಾವುದರಿಂದ ಶುರು, ಯಾವ ಮುದ್ರಣ ತಗೋಬೇಕು? ಒಂದೇ ಆಲ್ಬಮ್‌ಗೆ ನಾಲ್ಕು ನಾಲ್ಕು ಆವೃತ್ತಿ ಕಾಣ್ತವೆ. ‘ಲಿವಿಂಗ್ ಇನ್ ದ ಪಾಸ್ಟ್’ ಹಾಡಿಗೆ ನಮ್ಮ ಐದೆಣಿಕೆಯ ಖಂಡಛಾಪು ತಾಳ ಹಾಕಿದರೆ ಯಾಕೆ ಕೂರಲ್ಲ? ಕೊನೇದು, ಆ್ಯಂಡರ್ಸನ್ ಕೊಳಲಿನ ಆ ಗೊರಗೊರ ಸದ್ದು ನಮ್ಮ ಬಿದಿರು ಕೊಳಲಲ್ಲಿ ಬರುತ್ತಾ?

ಹಳೇಕ್ಯಾಸೆಟ್:

ಬಾರ್ ವಿಷಯ ಮೊದಲು ಮುಗಿಸೋಣ, ಇಲ್ಲದಿದ್ದರೆ ಅದೇ ಎಳೆದಾಡ್ತಾ ಹೋಗುತ್ತೆ. ಮೊದಲ ಆಲ್ಬಮ್ ‘ದಿಸ್ ವಾಸ್’ನಲ್ಲಿ (1968) ಗಿಟಾರು ಮಿಕ್ ಏಬ್ರಹಾಮ್ಸ್‌ದು. ಬಾರ್ ಬಂದದ್ದು ಅದಾದ ಮೇಲೆ, 1969ರ ‘ಸ್ಟ್ಯಾಂಡ್ ಅಪ್’ನಿಂದ ನಾಲ್ಕು ದಶಕ ಇದ್ದರು. ನಡುವೆ ನಿಂತಿದ್ದ ಟಲ್ ಹೆಸರು ಮತ್ತೆ ಜೀವ ಪಡೆದ ಮೇಲಿನ ಮೂರು ಆಲ್ಬಮ್ ನೋಡಿ. ‘ದ ಜೆಲಟ್ ಜೀನ್’ (2022) ಗಿಟಾರು ಫ್ಲೋರಿಯನ್ ಒಪಾಲೆ, ‘ರೋಕ್‌ಫ್ಲೋಟೆ’ (2023) ಜೋ ಪ್ಯಾರಿಶ್, ‘ಕ್ಯೂರಿಯಸ್ ರೂಮಿನಂಟ್’ ಜ್ಯಾಕ್ ಕ್ಲಾರ್ಕ್. ಮೂರು ಆಲ್ಬಮ್, ಮೂರು ಗಿಟಾರಿಸ್ಟು. ಬೇಸ್ ಡೇವಿಡ್ ಗುಡಿಯರ್, ಕೀಬೋರ್ಡ್ ಜಾನ್ ಒಹಾರ, ಡ್ರಮ್ಸ್ ಸ್ಕಾಟ್ ಹ್ಯಾಮಂಡ್ ಮೂರರಲ್ಲೂ ಅವರೇ. ಹಾಗಾಗಿ ಈಗಿನ ಟಲ್‌ನಲ್ಲಿ ತಳಪಾಯ ಭದ್ರ, ಅದರ ಮೇಲೆ ಕೊಳಲು. ಬಾರ್ ಕಾಲದಲ್ಲಿ ಗಿಟಾರು ಕೊಳಲಿನ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು, ಈಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ. ಹೆಸರು ಸರಿಯೋ ತಪ್ಪೋ ಅನ್ನೋದಕ್ಕಿಂತ ಆ ಜಗಳ ಇಲ್ಲ ಅನ್ನೋದೇ ನಿಜವಾದ ನಷ್ಟ.

ಹೊಸದರಲ್ಲಿ ಕೇಳಬೇಕಾದ್ದು ಆ ಉದ್ದದ ಹಾಡೇ. 2007ರಲ್ಲಿ ಅರ್ಧಕ್ಕೆ ಬಿಟ್ಟಿದ್ದ ವಾದ್ಯರಚನೆಯಿಂದ ಬೆಳೆದದ್ದು ಅದು. ಹಳೆಯ ಕೀಬೋರ್ಡ್ ವಾದಕ ಆ್ಯಂಡ್ರೂ ಗಿಡಿಂಗ್ಸ್ ಹೆಸರು ಈ ಆಲ್ಬಮ್‌ನಲ್ಲಿ ಮತ್ತೆ ಕಾಣೋದಕ್ಕೂ ಅದಕ್ಕೂ ಸಂಬಂಧ ಇದೆ. ರೂಮಿನಂಟ್ ಅಂದರೆ ಮೆಲುಕು ಹಾಕುವ ಪ್ರಾಣಿ ತಾನೆ, ಹದಿನೆಂಟು ವರ್ಷದ ಮೆಲುಕು.

ಮುದ್ರಣ: ಗೊಂದಲ ಎಲ್ಲಾ ಎರಡು ಪದದಿಂದ. ರೀಮಾಸ್ಟರ್ ಅಂದರೆ ಮುಗಿದ ಎರಡು ಚಾನೆಲ್ಲಿನ ಟೇಪಿಗೆ ಪಾಲಿಶ್, ಅಷ್ಟೇ. ರೀಮಿಕ್ಸ್ ಅಂದರೆ ಒಂದೊಂದು ವಾದ್ಯವೂ ಬೇರೆಬೇರೆಯಾಗಿ ಇರೋ ಮೂಲದ ಮಲ್ಟಿಟ್ರ್ಯಾಕ್ ಟೇಪಿಗೆ ಹೋಗಿ ಕೊಳಲು, ಡ್ರಮ್ಸ್, ದನಿ ಎಲ್ಲಾ ಮತ್ತೆ ಜೋಡಿಸೋದು. ಟಲ್ ಆಲ್ಬಮ್‌ಗಳನ್ನ ಸಂಗೀತಗಾರ ಸ್ಟೀವನ್ ವಿಲ್ಸನ್ 2011ರಿಂದ ಒಂದೊಂದಾಗಿ ರೀಮಿಕ್ಸ್ ಮಾಡಿದ್ದಾರೆ. ಹೆಚ್ಚು ಫಲ ಕಂಡದ್ದು ‘ಆ್ಯಕ್ವಾಲಂಗ್’ (1971). ಲಂಡನ್ನಿನ ಬೇಸಿಂಗ್ ಸ್ಟ್ರೀಟಿನ ಹೊಸ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಆಗಿತ್ತು, ಮೂಲ ಮಿಕ್ಸ್ ಕಂಬಳಿ ಹೊದ್ದುಕೊಂಡ ಹಾಗೆ ಮಂಕು. ಅದರ ರೀಮಾಸ್ಟರ್ ತಗೊಂಡರೆ ಅದೇ ಮಂಕು, ಸ್ವಲ್ಪ ಜೋರಾಗಿ. ಪಟ್ಟಿಯಲ್ಲಿ ‘ಸ್ಟೀವನ್ ವಿಲ್ಸನ್ ಮಿಕ್ಸ್’ ಅಂತಿದೆಯಾ ನೋಡಿ, ಇಲ್ಲವೇ ಆವೃತ್ತಿಯ ಹೆಸರು ಹಿಡೀರಿ: ‘ಆ್ಯಕ್ವಾಲಂಗ್’ಗೆ ಅಡಾಪ್ಟೆಡ್ ಎಡಿಷನ್, ‘ಸ್ಟ್ಯಾಂಡ್ ಅಪ್’ಗೆ ಎಲಿವೇಟೆಡ್ ಎಡಿಷನ್, ‘ಹೆವಿ ಹಾರ್ಸಸ್’ಗೆ ನ್ಯೂ ಶೂಸ್ ಎಡಿಷನ್.

‘ಥಿಕ್ ಆ್ಯಸ್ ಎ ಬ್ರಿಕ್’ (1972) ಕೇಳೋ ಮುಂಚೆ ಫೋನಿನ ಆ್ಯಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನ ಮುಂದಿನದರ ಶುರುವಿಗೆ ಬೆರೆಸೋದು) ಸೊನ್ನೆಗೆ ಇಳಿಸಿ. 43 ನಿಮಿಷ ಚಿಲ್ಲರೆಯ ಒಂದೇ ಹಾಡು ಅದು. ಎಲ್‌ಪಿಯಲ್ಲಿ ಎರಡು ಬದಿ ಬೇಕಾದ್ದರಿಂದ ಇಪ್ಪತ್ತೆರಡು ನಿಮಿಷದ ಹೊತ್ತಿಗೆ ಕತ್ತರಿಸಿದ್ದು. ಕ್ರಾಸ್‌ಫೇಡ್ ಇದ್ದರೆ ಒಂದನೇ ಬದಿಯ ಕೊನೆ ಎರಡನೆಯದರ ಆರಂಭದ ಮೇಲೆ ಹತ್ತಿ ಕೂತು ಎರಡೂ ಕೆಡುತ್ತೆ. ಗಿಟಾರಲ್ಲಿ ನುಡಿಸೋರಿಗೆ: ಶುರುವಿನ ಭಾಗಕ್ಕೆ ಮೂರನೇ ಫ್ರೆಟ್ಟಿಗೆ ಕೇಪೊ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ ಡಿ ಆಕಾರ ಹಿಡೀರಿ, ಎಫ್ ಬರುತ್ತೆ. ಕೇಪೊ ಇಲ್ಲದೆ ಎಲ್ಲಾ ತಂತಿ ಬೆರಳಲ್ಲೇ ಒತ್ತೋ ಎಫ್ ಬ್ಯಾರೆಯಲ್ಲಿ ಹೊರಟರೆ ತೆರೆದ ತಂತಿಯ ಗುಂಗು ಸಿಗಲ್ಲ.

ತಕಿಟತಕ:

ಖಂಡಛಾಪು ಯಾಕೆ ಕೂರಲ್ಲ ಅಂದರೆ, ಒಟ್ಟು ಲೆಕ್ಕ ಸರಿ, ಒಡೆಯೋ ರೀತಿ ಬೇರೆ. 1969ರ ಈ ಹಾಡು ಐದು ಬೀಟಿನದು, ಅರ್ಧರ್ಧ ಮಾಡಿದರೆ ಹತ್ತು. ಖಂಡಛಾಪು ಎರಡು ಸುತ್ತು ಹಾಕಿದರೆ ತಕ ತಕಿಟ ತಕ ತಕಿಟ, ಅಂದರೆ 2+3+2+3. ಇಲ್ಲಿ ಬೇಸ್ ಗಿಟಾರು ಹೋಗೋದು ತಕಿಟ ತಕಿಟ ತಕ ತಕ, 3+3+2+2. ಒತ್ತು ಬೀಳೋದು 1, 4, 7, 9ರ ಮೇಲೆ. ನೀವು ಚಪ್ಪಾಳೆ ಹಾಕ್ತಿರೋದು 1, 3, 6, 8ಕ್ಕೆ. ಒಂದನ್ನ ಬಿಟ್ಟರೆ ಉಳಿದ ಮೂರೂ ಬೇಸಿಗೆ ಅಡ್ಡ. ಎರಡು ಆವರ್ತ ತಳ್ಳಿಕೊಂಡು ಹೋಗಿ ಮೂರನೆಯದರಲ್ಲಿ ಕಿವಿ ಬೇಸಿನ ಕಡೆ ವಾಲುತ್ತೆ, ಕೈ ತಪ್ಪುತ್ತೆ.

ಮೊದಲು ಹಾಡು ಹಾಕದೆ ಬರೀ ಬಾಯಲ್ಲಿ ತಕಿಟ ತಕಿಟ ತಕ ತಕ ಹೇಳಿ, ಪ್ರತಿ ‘ತ’ಕ್ಕೂ ಒಂದು ತಟ್ಟು. ಲಯ ಕೈಗೆ ಕೂತ ಮೇಲೆ ಹಾಡು ಹಾಕಿ, ಆದರೆ ಕೊಳಲು ಕೇಳಬೇಡಿ, ಬೇಸ್ ಮಾತ್ರ ಹಿಡೀರಿ. ಕೊಳಲು ತಟ್ಟಿನ ಮೇಲೆ ತೇಲಿಕೊಂಡು ಹೋಗುತ್ತೆ, ಅದನ್ನ ನಂಬಿದವರು ಕೆಟ್ಟರು.

‘ಎಲ್ಲಿಂದ ಶುರು’ ಅನ್ನೋದಕ್ಕೆ ಎಲ್ಲರೂ ‘ಆ್ಯಕ್ವಾಲಂಗ್’ ಅಂತಾರೆ. ನನ್ನ ಮತ ‘ಸ್ಟ್ಯಾಂಡ್ ಅಪ್’ಗೆ. ಹೊಸ ಆಲ್ಬಮ್ಮಿನಿಂದ ಹಿಂದಕ್ಕೆ ಹೊರಟವರು ಕೊಳಲಿನ ಎಳೆ ಹಿಡಿದು ಹೋಗೋದು ಸುಲಭ, ಆ ಎಳೆ ನೇರ ಅದರಲ್ಲಿರೋ ಕೊಳಲಿನ ರಚನೆ ‘ಬೂರೇ’ಗೆ ಹೋಗಿ ಮುಟ್ಟುತ್ತೆ. ಅಲ್ಲಿಂದ ‘ಥಿಕ್ ಆ್ಯಸ್ ಎ ಬ್ರಿಕ್’, ಆಮೇಲೆ ‘ಸಾಂಗ್ಸ್ ಫ್ರಮ್ ದ ವುಡ್’ (1977). ‘ಎ ಪ್ಯಾಶನ್ ಪ್ಲೇ’ (1973) ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು, ನಿಜ. ಆದರೂ ಅದನ್ನ ಕೊನೆಗಿಡಿ. ಮೊದಲೇ ಕೇಳಿದವರು ಟಲ್ ಸಹವಾಸವೇ ಬೇಡ ಅಂತ ಎದ್ದು ಹೋಗ್ತಾರೆ.

ಬಿದಿರಂದಗ:

ಗೊರಗೊರ ಬಿದಿರಲ್ಲೂ ಬರುತ್ತೆ. ಊದುತ್ತಲೇ ಗಂಟಲಲ್ಲಿ ಹಾಡೋದು, ಅಷ್ಟೇ ಗುಟ್ಟು. ಆ್ಯಂಡರ್ಸನ್ ಇದನ್ನ ಹಿಡಿದದ್ದು ಜಾಝ್ ವಾದಕ ರೋಲಂಡ್ ಕರ್ಕ್ ದಾರಿಯಲ್ಲಿ. ‘ದಿಸ್ ವಾಸ್’ನಲ್ಲಿ ಕರ್ಕ್ ರಚನೆಯೊಂದು ಇದ್ದೇ ಇದೆ.

ಮಧ್ಯಸ್ಥಾಯಿಯ ಒಂದು ಸ್ವರ ಎಂಟು ಎಣಿಸೋವರೆಗೆ ನೆಟ್ಟಗೆ ಊದಿ. ಕೊಳಲು ಇಳಿಸಿ ಅದೇ ಸ್ವರ ಬಾಯಿ ಮುಚ್ಚಿ ಗುನುಗಿ, ಗಂಡು ದನಿಯಾದರೆ ಒಂದು ಸ್ಥಾಯಿ ಕೆಳಗೆ. ಈಗ ಮತ್ತೆ ಊದಿ, ಸ್ವರ ನಿಂತ ಮೇಲೆ ದನಿ ಸೇರಿಸಿ. ದನಿ ಮೊದಲು ಶುರು ಮಾಡಿ ಆಮೇಲೆ ಊದಿದರೆ ತುಟಿ ಸರಿ ಕೂರೋ ಮುಂಚೆ ಗಾಳಿ ಹೋಗಿಬಿಡುತ್ತೆ, ಬರೀ ಸುಸ್ಸು.

ಕೊಳಲು 440 ಹರ್ಟ್ಸ್, ದನಿ ಸರಿಯಾಗಿ 220 ಇದ್ದರೆ ಎರಡೂ ಕೂಡಿಕೊಂಡು ದಪ್ಪ ನಾದ. ದನಿ 215ಕ್ಕೆ ಜಾರಿತು ಅನ್ನಿ, ಅದರ ಎರಡರಷ್ಟು 430, ಕೊಳಲಿನ 440ಕ್ಕೆ ತಾಗಿ ಸೆಕೆಂಡಿಗೆ ಹತ್ತು ಅಲೆ ಏಳುತ್ತೆ. ನೀವು ಕೇಳೋ ಒರಟು ಇದೇ. ಅಂದರೆ ಇಲ್ಲಿ ಶ್ರುತಿ ತುಸು ತಪ್ಪೋದೂ ಒಂದು ಉಪಕರಣ. ಸಂಗೀತದ ಮೇಷ್ಟ್ರ ಎದುರು ಮಾತ್ರ ಹೇಳಬೇಡಿ.

ಕೆಡೋದು ಎರಡು ಕಡೆ. ದನಿ ಸೇರಿದ ಕೂಡಲೇ ಗಂಟಲು ಬಿಗಿಯುತ್ತೆ, ಗಾಳಿ ಕಡಿಮೆ ಆಗಿ ಸ್ವರ ಕೆಳಗೆ ಬೀಳುತ್ತೆ. ಅದನ್ನ ಸರಿಮಾಡೋಕೆ ತುಟಿ ಬಿಗಿಹಿಡಿದರೆ ಮೇಲಿನ ಸ್ಥಾಯಿಗೆ ಹಾರುತ್ತೆ. ಮದ್ದು ಹೊಟ್ಟೆಯಿಂದ ಗಾಳಿ ಹೆಚ್ಚಿಸೋದು, ತುಟಿ ಮುಟ್ಟಬೇಡಿ. ಉಸಿರು ಬೇಗ ಖಾಲಿಯಾಗುತ್ತೆ, ತಲೆ ಸುತ್ತುತ್ತೆ, ದಿನಕ್ಕೆ ಹತ್ತು ನಿಮಿಷ ಸಾಕು. ಮೈಕ್ ಇದ್ದರೆ ನೇರ ಊದುವ ರಂಧ್ರದ ಎದುರು ಇಡಬೇಡಿ, ತುಸು ಮೇಲೆ ಇಟ್ಟು ಓರೆ ಮಾಡಿ, ಇಲ್ಲದಿದ್ದರೆ ‘ಪ’ಕಾರ ಎಲ್ಲಾ ಬಾಂಬು.

ಇನ್ನೊಂದು ಸದ್ದು ಇದೆ, ನಾಲಿಗೆ ತುದಿ ರ್‌ರ್‌ರ್ ಅಂತ ನಡುಗಿಸೋದು. ಇಂಗ್ಲಿಷ್ ಮಾತಾಡೋರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡ್ತಾರೆ. ‘ಕರ್ರಗೆ’, ‘ಗಿರ್ರನೆ’ ಅನ್ನೋ ನಾಲಿಗೆಗೆ ಅಷ್ಟು ಕಷ್ಟ ಇಲ್ಲ.

ಹೊಸ ಆಲ್ಬಮ್‌ಗೂ ಇದಕ್ಕೂ ನಂಟಿದೆ. 1984ರ ‘ಅಂಡರ್ ರ್‍ಯಾಪ್ಸ್’ ಪ್ರವಾಸದಲ್ಲಿ ಆ್ಯಂಡರ್ಸನ್ ಗಂಟಲು ಹೋಯಿತು, ಮೇಲಿನ ಸ್ವರಗಳು ತಿರುಗಿ ಬರಲಿಲ್ಲ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇದೆ ಅಂತ 2020ರಲ್ಲಿ ಅವರೇ ಹೇಳಿದರು. ಹೊಸ ಹಾಡುಗಳ ಸಾಲು ಎಷ್ಟು ಗಿಡ್ಡ ಗಮನಿಸಿ: ಒಂದು ಸಾಲು, ಉಸಿರು, ಇನ್ನೊಂದು ಸಾಲು. ಮಾಧುರ್ಯ ಹೊರೋ ಕೆಲಸ ಕೊಳಲಿಗೆ ಬಿಟ್ಟಿದ್ದಾರೆ. ಕೊಳಲು ಈಗ ಹೆಚ್ಚು ಶುದ್ಧ ಆಗಿರೋಕೂ ಕಾರಣ ಇದೆ. 1990ರ ದಶಕದ ಆರಂಭದಲ್ಲಿ ಮಗಳು ಶಾಲೆಯಲ್ಲಿ ಕೊಳಲು ಕಲಿಯುವಾಗ ತನ್ನ ಬೆರಳಿಡೋ ಕ್ರಮವೇ ತಪ್ಪು ಅಂತ ಗೊತ್ತಾಗಿ ಮೊದಲಿಂದ ಕಲಿತರು. ‘ಸ್ಟ್ಯಾಂಡ್ ಅಪ್’ ಮತ್ತು ‘ರೂಟ್ಸ್ ಟು ಬ್ರಾಂಚಸ್’ (1995) ಒಂದರ ಹಿಂದೊಂದು ಹಾಕಿ, ಮೇಲಿನ ಸ್ವರಗಳಲ್ಲಿ ವ್ಯತ್ಯಾಸ ಕೇಳುತ್ತೆ.

ಎಲೆಅಡಿಕೆ:

ಬಹಳ ಉಪಕಾರ. ‘ಬೂರೇ’ ಬಿದಿರಲ್ಲಿ ನುಡಿಸಬಹುದಾ? ಮಧ್ಯ ಷಡ್ಜದಿಂದ ಹೊರಟರೆ ಎರಡನೇ ಸಾಲಿಗೇ ಕೆಳಗೆ ಸ್ವರ ಸಾಲಲ್ಲ.

ಬಿದಿರಂದಗ:

ಸಾಲೋದಿಲ್ಲ, ಯಾಕಂದರೆ ಅದು ಬಾಖ್ ಲ್ಯೂಟಿಗೆ (ಗಿಟಾರಿನಂಥ ಹಳೆಯ ತಂತಿವಾದ್ಯ) ಅಂತ ಬರೆದ ಇ ಮೈನರ್ ಸೂಟಿನದು, ಕೆಳಕ್ಕೆ ಆರಾಮಾಗಿ ಇಳಿಯುತ್ತೆ. ಮಧ್ಯ ಷಡ್ಜ ಬಿಟ್ಟು ತಾರ ಷಡ್ಜದಿಂದ ಶುರು ಮಾಡಿ, ಪೂರ್ತಿ ಕೂರುತ್ತೆ. ಆಲ್ಬಮ್ಮಿನ ಧ್ವನಿಮುದ್ರಣದ ಜೊತೆ ನುಡಿಸಬೇಕಿದ್ದರೆ ಇ ಶ್ರುತಿ, ಅಂದರೆ ಮೂರು ಮನೆ ಕೊಳಲು.

ತಾರದಲ್ಲಿ ಸರಿ ಗಾ, ರಿಸ ನೀ, ಸರಿ ಅಂತ ಹೋಗಿ ಥಟ್ಟನೆ ಪಾ. ಅಲ್ಲಿಂದ ದನಿ ಸಾ, ನಿದ ಪಾ, ಮಗ ರೀ, ಗಮ ಪಮಗರಿ ಸಾ. ಮೋಸ ಇರೋದು ನಡುವೆ: ಪ-ದ-ನಿ-ಸ ಏರುವಾಗ ಚತುಶ್ರುತಿ ಧೈವತ, ಕಾಕಲಿ ನಿಷಾದ. ಇಳಿಯುವಾಗ ಕೈಶಿಕಿ ನಿಷಾದ, ಶುದ್ಧ ಧೈವತ. ಏರಿಕೆ ಗೌರಿಮನೋಹರಿ ರಾಗ, ಇಳಿಕೆ ನಟಭೈರವಿ ಅಂದುಕೊಂಡರೆ ಬೆರಳು ತಪ್ಪಲ್ಲ. ಶುರುವಿನ ‘ರಿಸ ನೀ’ಯಲ್ಲಿ ಮಾತ್ರ ಇಳಿದು ಬಂದರೂ ಕಾಕಲಿಯೇ. ಗಾಂಧಾರಕ್ಕೆ ಗಮಕ ಹಾಕಬೇಡಿ, ಎಲ್ಲಾ ಸ್ವರ ಬೋಳು. ಬಾಖ್ ಬರೆದದ್ದು ‘ಸರಿ’ ಎರಡೂ ಸಮ, ಟಲ್ ಅದನ್ನ ತಿಶ್ರಕ್ಕೆ ವಾಲಿಸಿದೆ: ‘ಸ’ಕ್ಕೆ ಎರಡು ಪಾಲು, ‘ರಿ’ಗೆ ಒಂದು. ಸಮ ನುಡಿಸಿದರೆ ಶಾಲೆ ಪ್ರಾರ್ಥನೆ ಥರ ಕೇಳುತ್ತೆ.

ಕೂರಿಗೆ:

ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲ. ಅಸಲಿ ಜೆಥ್ರೊ ಟಲ್ 1701ರ ಸುಮಾರಿಗೆ ಕುದುರೆ ಎಳೆಯೋ ಬಿತ್ತನೆ ಯಂತ್ರ ಮಾಡಿದ ಇಂಗ್ಲಿಷ್ ರೈತ, ನಮ್ಮ ಕೂರಿಗೆಯ ಕೆಲಸವೇ. ಬ್ಯಾಂಡಿನ ಮೊದಲ ಸಿಂಗಲ್ ಮೇಲೆ ಹೆಸರು ‘ಜೆಥ್ರೊ ಟೋ’ ಅಂತ ತಪ್ಪಾಗಿ ಅಚ್ಚಾಗಿತ್ತು.

ಪರಂಪರೆ ಅಂದರೆ ಎಲ್ಲರೂ 1989ರ ಗ್ರ್ಯಾಮಿ ಎತ್ತುತ್ತಾರೆ. ಮೆಟಲ್ ಬ್ಯಾಂಡ್ ಮೆಟಾಲಿಕಾ ಸ್ಪರ್ಧೆಯಲ್ಲಿ ಇದ್ದೂ ಹಾರ್ಡ್ ರಾಕ್/ಮೆಟಲ್ ಪ್ರಶಸ್ತಿ ಟಲ್‌ನ ‘ಕ್ರೆಸ್ಟ್ ಆಫ್ ಎ ನೇವ್’ಗೆ ಹೋಯಿತು, ಇವತ್ತಿಗೂ ನಗೆಪಾಟಲು. ಇನ್ನೊಂದು ಮೆಟಲ್ ಬ್ಯಾಂಡ್ ಐರನ್ ಮೇಡನ್ 1983ರಲ್ಲಿ ಟಲ್ ಹಾಡು ‘ಕ್ರಾಸ್-ಐಡ್ ಮೇರಿ’ ನುಡಿಸಿದ್ದನ್ನ ಯಾರೂ ನೆನೆಯಲ್ಲ. ಮೆಟಲ್‌ನವರಿಗೆ ಟಲ್ ಏನಾಗಿತ್ತು ಅಂತ ತಿಳಿಯೋಕೆ ಅದನ್ನ ಕೇಳಿ, ಗ್ರ್ಯಾಮಿ ಬಿಡಿ.

ಹಳೇಕ್ಯಾಸೆಟ್:

‘ಸ್ಟ್ಯಾಂಡ್ ಅಪ್’ ಹಳೆಯ ಎಲ್‌ಪಿ ಹುಡುಕ್ತೀರಾದರೆ ಒಂದು ಮಾತು. ಕವರ್ ತೆರೆದರೆ ನಾಲ್ವರ ಚಿತ್ರ ಎದ್ದು ನಿಲ್ಲೋ ಹಾಗೆ ಕಾಗದ ಮಡಿಸಿದ್ದಾರೆ. ಹತ್ತಾರು ಸಲ ತೆರೆದ ಪ್ರತಿಗಳಲ್ಲಿ ಆ ಮಡಿಕೆ ಮೊದಲು ಹರಿಯುತ್ತೆ. ಮಾರೋರು ಹೊರಗಿನ ಕವರಿನ ಫೋಟೊ ಮಾತ್ರ ಕಳಿಸಿದರೆ, ಒಳಗೆ ತೆರೆದ ಫೋಟೊ ಕೇಳಿ ಆಮೇಲೆ ದುಡ್ಡು ಹಾಕಿ.