ಎಲ್‌ಡಿಎಲ್ ಮುಂದೆ ಕೆಂಪು ಗುರುತಿಲ್ಲ, ನಿಶ್ಚಿಂತೆಯಿಂದ ಇರಬಹುದೇ?

ಪ್ರಶ್ನೆ: ಡಾಕ್ಟರೇ, ನನಗೆ 41 ವರ್ಷ. ತಂದೆಗೆ 49ರಲ್ಲಿ ಹೃದಯಾಘಾತವಾಗಿತ್ತು. ಆ ವಯಸ್ಸು ಹತ್ತಿರವಾದಂತೆ ನನಗೂ ಅಳುಕು. ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 212, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 240, ಎಲ್‌ಡಿಎಲ್ 126. ಎಲ್‌ಡಿಎಲ್ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಕೆಂಪು ಗುರುತು ಬಿದ್ದಿದೆ. ‘ಕೆಟ್ಟ ಕೊಲೆಸ್ಟ್ರಾಲ್ ಮಿತಿಯಲ್ಲಿದೆಯಲ್ಲ, ಬಿಡು’ ಎನ್ನುತ್ತಾನೆ ಸ್ನೇಹಿತ. ಬಿಡಬಹುದೇ? ಧೂಮಪಾನದ ಅಭ್ಯಾಸವಿಲ್ಲ.

ವೈದ್ಯರ ಉತ್ತರ: ಬಿಡಬೇಡಿ. ಗಾಬರಿಯೂ ಬೇಡ. ಗುರುತು ಹಾಕುವ ಯಂತ್ರಕ್ಕೆ ನಿಮ್ಮ ತಂದೆಯ ವಿಷಯ ತಿಳಿದಿರುವುದಿಲ್ಲ. ನನಗೆ ನೀವು ಹೇಳಿದ್ದೀರಿ. ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದ್ರೋಗ ಬಂದಿದ್ದರೆ ಅದನ್ನು ನಾವು ಅಪಾಯದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇವೆ.

ಈಗ ಆ 126ನ್ನು ನೋಡೋಣ. ಬಹಳಷ್ಟು ವರದಿಗಳಲ್ಲಿ ಎಲ್‌ಡಿಎಲ್ ನೇರವಾಗಿ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ: 212ರಲ್ಲಿ 38 ಹೋದರೆ 174, ಅದರಲ್ಲಿ 48 ಹೋದರೆ 126. ನಿಮ್ಮ ವರದಿಯಲ್ಲಿ ಆಗಿರುವುದೂ ಇದೇ. 1972ರಿಂದ ಬಳಕೆಯಲ್ಲಿರುವ ಈ ಸೂತ್ರ ಟ್ರೈಗ್ಲಿಸರೈಡ್ ಏರಿದಷ್ಟೂ ಸಡಿಲವಾಗುತ್ತದೆ. 400 ದಾಟಿದರೆ ಅದನ್ನು ನಂಬುವ ಹಾಗೇ ಇಲ್ಲ.

ಆದ್ದರಿಂದ ನಾನು ನೋಡುವುದು ಮಧ್ಯೆ ಬಂದ ಆ 174ನ್ನು. ಇದಕ್ಕೆ ನಾನ್-ಎಚ್‌ಡಿಎಲ್ ಎಂದು ಹೆಸರು. ರಕ್ತನಾಳದ ಗೋಡೆಗೆ ನುಗ್ಗಬಲ್ಲ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಬಂತು. ಸಾಮಾನ್ಯವಾಗಿ ಎಲ್‌ಡಿಎಲ್‌ಗೆ 30 ಸೇರಿಸಿದರೆ ಬರುವಷ್ಟಿದ್ದರೆ ಎರಡೂ ಹೊಂದುತ್ತವೆ. ನಿಮ್ಮದು ಅದನ್ನು ಮೀರಿದೆ. ಟ್ರೈಗ್ಲಿಸರೈಡ್ ಹೆಚ್ಚಿದ್ದವರಲ್ಲಿ ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿರುವುದು ಸಾಮಾನ್ಯ. ಧಾನ್ಯದ ಒಟ್ಟು ತೂಕ ಹೇಳಿದರೆ ಮೂಟೆ ಎಷ್ಟೆಂದು ತಿಳಿಯದಲ್ಲವೇ? ಮೂಟೆ ಎಣಿಸುವುದು ಅಪೊ-ಬಿ ಎಂಬ ಪ್ರೋಟೀನಿನ ಪರೀಕ್ಷೆ. ಇಂಥ ಪ್ರತಿ ಕಣದಲ್ಲೂ ಆ ಪ್ರೋಟೀನ್ ಒಂದೇ ಒಂದು ಇರುತ್ತದೆ. ನಿಮ್ಮಂಥವರಿಗೆ ಅದು ನಿಜಕ್ಕೂ ಉಪಯುಕ್ತ.

ಜೊತೆಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಥೈರಾಯ್ಡ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮಾಡಿಸಿ. ಥೈರಾಯ್ಡ್ ಕುಗ್ಗಿದ್ದರೆ ಕೊಲೆಸ್ಟ್ರಾಲ್ ತಾನಾಗಿಯೇ ಏರುತ್ತದೆ. ಮೊದಲು ಅದಕ್ಕೆ ಚಿಕಿತ್ಸೆ ಬೇಕು. ಎಲ್‌ಡಿಎಲ್‌ನಂಥದೇ ಇನ್ನೊಂದು ಕಣವಾದ ಲೈಪೊಪ್ರೋಟೀನ್ (ಎ) ಪರೀಕ್ಷೆಯನ್ನೂ ಸೇರಿಸಿ. ಅದು ಬಹುಪಾಲು ಹುಟ್ಟಿನಿಂದಲೇ ನಿಗದಿಯಾಗುವುದರಿಂದ ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು. ಡೆಸಿಲೀಟರ್‌ಗೆ 50 ಮಿಲಿಗ್ರಾಂ ಮೀರಿದರೆ ಹೆಚ್ಚು ಎನ್ನುತ್ತೇವೆ. ತಂದೆಗೆ ಅಷ್ಟು ಬೇಗ ಹೃದಯಾಘಾತವಾಗಿರುವಾಗ ಇದನ್ನು ನೋಡದೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಮತ್ತೊಬ್ಬ ಸದಸ್ಯೆ: ನನಗೆ ಎಚ್‌ಎಸ್-ಸಿಆರ್‌ಪಿ (ದೇಹದ ಉರಿಯೂತ ತೋರಿಸುವ ರಕ್ತ ಪರೀಕ್ಷೆ) 14 ಬಂದಿದೆ. 3 ಮೀರಿದರೆ ಹೃದಯಕ್ಕೆ ಅಪಾಯ ಎಂದು ಓದಿ ಎರಡು ರಾತ್ರಿ ನಿದ್ದೆ ಬಂದಿಲ್ಲ. ಆ ದಿನ ಗಂಟಲು ನೋವು, ಜ್ವರ ಇತ್ತು.

ವೈದ್ಯರ ಉತ್ತರ: ಈ ರಾತ್ರಿ ನಿದ್ದೆ ಮಾಡಿ, ತಾಯಿ. 10 ಮೀರಿದ್ದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಗಂಟಲಿನ ಸೋಂಕೇ ಸಾಕಷ್ಟು ಕಾರಣ. ಪೂರ್ತಿ ಗುಣವಾಗಿ ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಮಾಡಿಸಿ. ಅಂದ ಹಾಗೆ, ಎಲ್ಲರಿಗೂ ಹೇಳುತ್ತೇನೆ: ಎದೆ ಒತ್ತಿದಂತಾಗಿ ಬೆವರು, ಉಸಿರಾಟದ ತೊಂದರೆ ಬಂದರೆ ಪ್ರಯೋಗಾಲಯಕ್ಕೆ ಹೋಗಬೇಡಿ, ಇಲ್ಲಿ ಬರೆದು ಕಾಯಲೂ ಬೇಡಿ. ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ.

ಪ್ರಶ್ನೆ ಕೇಳಿದವರು: ಡಾಕ್ಟರೇ, ಒಂದು ವಿಷಯ ಹೇಳಿರಲಿಲ್ಲ. ಹತ್ತು ಗಂಟೆ ಉಪವಾಸವಿದ್ದೆ, ಆದರೆ ಹಿಂದಿನ ಸಂಜೆ ಮದ್ಯ ಸೇವಿಸಿದ್ದೆ. ಎಚ್‌ಡಿಎಲ್ ಏರಿಸಲು ಮಾತ್ರೆ ಇದೆಯೇ?

ವೈದ್ಯರ ಉತ್ತರ: ಹೇಳಿದ್ದು ಒಳ್ಳೆಯದಾಯಿತು. ಮದ್ಯ ಟ್ರೈಗ್ಲಿಸರೈಡನ್ನು ಏರಿಸುತ್ತದೆ. ಮೊದಲ ಬಾರಿಯ ಪರೀಕ್ಷೆಗೆ ಉಪವಾಸ ಕಡ್ಡಾಯವೇನಲ್ಲ. ಆದರೆ ನಿಮ್ಮ ವಿಷಯದಲ್ಲಿ ಕೆಲವು ವಾರ ಮದ್ಯ ಬಿಟ್ಟು, ಹನ್ನೆರಡು ಗಂಟೆ ನೀರು ಮಾತ್ರ ಕುಡಿದು ಮತ್ತೆ ರಕ್ತ ಕೊಡಿ. ಆಗ ಸಿಗುವ ಅಂಕಿಗಳ ಮೇಲೆ ನಿರ್ಧರಿಸೋಣ. ರಕ್ತದೊತ್ತಡವನ್ನೂ ಬರೆದಿಟ್ಟುಕೊಂಡು ಬನ್ನಿ, ಅದಿಲ್ಲದೆ ಹೃದಯದ ಅಪಾಯ ಅಳೆಯಲಾಗದು. ಎಚ್‌ಡಿಎಲ್‌ಗೆ ಮಾತ್ರೆ ಬೇಡ. ಔಷಧದಿಂದ ಅದನ್ನು ಏರಿಸಿ ನೋಡಿದ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಲಾಭ ಸಿಗಲಿಲ್ಲ.

ಪ್ರಶ್ನೆ ಕೇಳಿದವರು: ತಮ್ಮನಿಗೆ 36. ಅವನಿಗೂ ಮಾಡಿಸಬೇಕೇ, ಅಥವಾ ನನ್ನ ಫಲಿತಾಂಶ ಬರಲಿ ಎಂದು ಕಾಯಲೇ?

ವೈದ್ಯರ ಉತ್ತರ: ಕಾಯಬೇಡಿ. ತಂದೆ ಇಬ್ಬರಿಗೂ ಒಬ್ಬರೇ. ಮುಂದಿನ ಸಲ ನೀವು ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.