‘ಬಡ್ತಿ’ಯೋ ‘ಏರಿಕೆ’ಯೋ? ಐಸ್ ಹಾಕಿ ಲೀಗಿಗೆ ನಾಲ್ಕು ಪದ ಬೇಕು

ಗೆಳೆಯರೇ, ನಮಸ್ಕಾರ.

ನಾನಿರುವುದು ಜರ್ಮನಿಯ ಬವೇರಿಯಾದಲ್ಲಿ. ಇಲ್ಲಿನ ಕನ್ನಡ ಮಕ್ಕಳಿಗಾಗಿ ಐಸ್ ಹಾಕಿ ಬಗ್ಗೆ ಎರಡು ಪುಟ ಬರೆಯೋಣ ಅಂತ ಕೂತೆ. ಆಟದ ಮಾತು ಸಲೀಸಾಗಿ ಬಂತು. ಪಕ್ (ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ) ಪಕ್ಕೇ, ಗೋಲು ಗೋಲೇ, 20 ನಿಮಿಷದ ಮೂರು ಅವಧಿ. ತೊಡಕಾಗಿದ್ದು ಲೀಗುಗಳ ಏಣಿ ವಿವರಿಸುವಾಗ.

ಏಣಿ ಹೀಗಿದೆ. ತುದಿಯಲ್ಲಿ ಡಿಇಎಲ್ (ಜರ್ಮನ್ ಐಸ್ ಹಾಕಿ ಲೀಗ್), ಅದರ ಕೆಳಗೆ ಡಿಇಎಲ್ 2, ಮೂರನೆಯದು ಓಬರ್‌ಲೀಗಾ. ‘ಓಬರ್’ ಅಂದರೆ ಮೇಲಿನದು. ಮೂರನೇ ಮೆಟ್ಟಿಲಿಗೆ ‘ಮೇಲಿನದು’ ಅಂತ ಹೆಸರು, ನಗಬೇಡಿ. ಅದಕ್ಕೂ ಕೆಳಗೆ ಬವೇರಿಯಾದವರದೇ ಲೀಗುಗಳು: ಬಯರ್ನ್‌ಲೀಗಾ, ಲಾಂಡೆಸ್‌ಲೀಗಾ, ಬೆತ್ಸಿರ್ಕ್ಸ್‌ಲೀಗಾ. ಸೀಸನ್ ಮುಗಿದ ಮೇಲೆ ಗೆದ್ದವರು ಒಂದು ಮೆಟ್ಟಿಲು ಮೇಲಕ್ಕೆ, ತಳದಲ್ಲಿ ಉಳಿದವರು ಒಂದು ಮೆಟ್ಟಿಲು ಕೆಳಕ್ಕೆ. ರಣಜಿ ಕ್ರಿಕೆಟ್ಟಿನ ಕೆಳಗಿನ ‘ಪ್ಲೇಟ್’ ಗುಂಪು ನೋಡಿದವರಿಗೆ ಇದು ಹೊಸದೇನಲ್ಲ.

ಈ ಹೋಗಿ ಬರುವುದಕ್ಕೆ ‘ಬಡ್ತಿ’, ‘ಹಿಂಬಡ್ತಿ’ ಅಂತ ಬರೆಯುವುದುಂಟು. ನನಗೆ ಯಾಕೋ ಹಿಡಿಸಲಿಲ್ಲ. ಬಡ್ತಿ ಅಂದರೆ ಕಚೇರಿಯ ವಾಸನೆ. ಮೇಲಿನವರು ಆದೇಶ ಹೊರಡಿಸಬೇಕು, ಹಿಂಬಡ್ತಿಯಾದರೆ ಏನೋ ತಪ್ಪು ಮಾಡಿರಬೇಕು. ಜರ್ಮನ್ನರು ಮೇಲೆ ಹೋದರೆ ‘ಔಫ್‌ಷ್ಟೀಗ್’, ಕೆಳಗೆ ಬಂದರೆ ‘ಅಪ್‌ಷ್ಟೀಗ್’ ಅನ್ನುತ್ತಾರೆ. ಬೆಟ್ಟ ಹತ್ತಿ ಇಳಿಯುವುದಕ್ಕೂ ಅವೇ ಪದ. ಯಾರೂ ಕೊಟ್ಟದ್ದಲ್ಲ, ಕಾಲು ನಿಮ್ಮದೇ. ಅದಕ್ಕೇ ನಾನು ‘ಏರಿಕೆ’, ‘ಇಳಿಕೆ’ ಅಂತ ಬರೆದೆ. ಓದಿದ ನನ್ನ ಹೆಂಡತಿ, “ಇದೇನು ಚಿನ್ನದ ರೇಟಾ?” ಅಂದಳು.

ಅಷ್ಟರಲ್ಲಿ ‘ಬಡ್ತಿ’ಯ ಪರವಾಗಿಯೂ ಒಂದು ಸಾಕ್ಷಿ ಸಿಕ್ಕಿತು. ಕೆಳಗಿನ ಲೀಗುಗಳಲ್ಲಿ ಮೇಲೆ ಹೋಗುವ ಹಕ್ಕು ಗೆದ್ದ ತಂಡವೇ “ನಮಗೆ ಬೇಡ” ಅನ್ನುವುದುಂಟು. ಆಟಗಾರರು ಹಗಲು ಕೆಲಸಕ್ಕೆ ಹೋಗುವವರು. ಮೇಲಿನ ಲೀಗ್ ಅಂದರೆ ದೂರದ ಊರು, ಜಾಸ್ತಿ ಬಸ್ ಖರ್ಚು. ಇದನ್ನು ಕೇಳಿದಾಗ ನಮ್ಮೂರಿನ ಮೇಷ್ಟ್ರೊಬ್ಬರು ನೆನಪಾದರು. ಬಡ್ತಿ ಬಂದರೆ ವರ್ಗಾವಣೆಯೂ ಬರುತ್ತದೆ ಅಂತ, ಬೇಡ ಎಂದು ಬರೆದುಕೊಟ್ಟು ಊರಲ್ಲೇ ಉಳಿದಿದ್ದರು. ತುದಿಯ ಲೀಗಿನಲ್ಲೂ ಕಚೇರಿ ಇಲ್ಲದೇ ಇಲ್ಲ. 2024ರಲ್ಲಿ ಡಿಇಎಲ್‌ನ ಕೊನೆಯ ಸ್ಥಾನದಲ್ಲಿ ಮುಗಿಸಿದ್ದು ಆಗ್ಸ್‌ಬರ್ಗ್. ಆದರೂ ಕೆಳಗೆ ಹೋಗಲಿಲ್ಲ. ಯಾಕಂದರೆ ಡಿಇಎಲ್ 2 ಗೆದ್ದ ರೇಗನ್ಸ್‌ಬರ್ಗ್ ಮೇಲಿನ ಲೀಗಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಅರ್ಜಿ ಹಾಕಿ ಪಡೆಯುವುದಾದರೆ ಅದು ಬಡ್ತಿಯೇ, ಅಲ್ವಾ?

ಇನ್ನು ‘ರೆಲೆಗೇಷನ್’. ಇಂಗ್ಲಿಷಿನಲ್ಲಿ ಇದಕ್ಕೆ ಕೆಳಗಿಳಿಯುವುದು ಅಂತಲೇ ಅರ್ಥ. ಜರ್ಮನ್ನಿನ ‘ರೆಲೆಗಾತ್ಸಿಯೋನ್’ ಬೇರೆ. ಮೇಲಿನ ಲೀಗಿನ ತಳದವರೂ ಕೆಳಗಿನ ಲೀಗಿನ ತುದಿಯವರೂ ಒಂದೇ ಜಾಗಕ್ಕಾಗಿ ಆಡುವ ಪಂದ್ಯಗಳಿಗೆ ಇಲ್ಲಿ ಆ ಹೆಸರು. ಗೊತ್ತಿಲ್ಲದೆ ನಾನು ಒಮ್ಮೆ ಎಡವಿದ್ದೆ. ಸಹೋದ್ಯೋಗಿಯೊಬ್ಬ “ನಮ್ಮವರು ರೆಲೆಗಾತ್ಸಿಯೋನ್‌ಗೆ ಬಂದರು” ಅಂತ ಕುಣಿಯುತ್ತಾ ಹೇಳಿದ. ನಾನು ಮುಖ ಸಣ್ಣದು ಮಾಡಿಕೊಂಡು “ಛೆ, ಹೋಗ್ಲಿ ಬಿಡು, ಮುಂದಿನ ವರ್ಷ ನೋಡೋಣ” ಅಂದೆ. ಅವನು ನನ್ನನ್ನು ಹೇಗೆ ನೋಡಿದ ಅಂತ ಹೇಳಬೇಕಿಲ್ಲ. ಮೂಲ ಲ್ಯಾಟಿನ್ನಿನಲ್ಲಿ ಅದು ದೂರ ಕಳಿಸುವುದು. ರೋಮಿನಲ್ಲಿ ಅದೊಂದು ಶಿಕ್ಷೆ, ನಮ್ಮ ಗಡಿಪಾರಿನ ಹಾಗೆ. ‘ಗಡಿಪಾರು ಪಂದ್ಯ’ ಅಂತ ಬರೆದರೆ ಮಕ್ಕಳಿಗೆ ಖುಷಿಯಾದೀತು, ಆದರೆ ಸರಿಹೋಗದು.

ಓಬರ್‌ಲೀಗಾ ಮತ್ತು ಬಯರ್ನ್‌ಲೀಗಾ ನಡುವೆ ಕೆಲವು ವರ್ಷ ‘ಫೆರ್‌ತ್ಸಾನುಂಗ್ಸ್‌ರುಂಡೆ’ ಅಂತ ಒಂದು ಸುತ್ತು ನಡೆಯುತ್ತಿತ್ತು. ‘ತ್ಸಾನ್’ ಅಂದರೆ ಹಲ್ಲು. ಎರಡು ಗಾಲಿಗಳ ಹಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವ ಸುತ್ತು. ಇದಕ್ಕೆ ನಾನು ‘ಕೊಂಡಿ ಸುತ್ತು’ ಅಂದಿದ್ದೇನೆ. ಹಲ್ಲು ಉದುರಿತು, ಆದರೂ ಅರ್ಥ ನಿಂತಿದೆ ಅಂದುಕೊಂಡಿದ್ದೇನೆ.

ನನಗೆ ನಿಜವಾಗಿ ಖುಷಿ ಕೊಟ್ಟ ಪದ ಮತ್ತೊಂದು. ಒಂದು ವರ್ಷ ಮೇಲೆ, ಮರುವರ್ಷ ಕೆಳಗೆ ಅಂತ ಓಡಾಡುವ ತಂಡವನ್ನು ಜರ್ಮನ್ನರು ‘ಲಿಫ್ಟ್ ತಂಡ’ ಅನ್ನುತ್ತಾರೆ. ಲಿಫ್ಟ್ ಇರಿಗೇಷನ್ನಿಗೆ ನಾವು ಆಗಲೇ ‘ಏತ ನೀರಾವರಿ’ ಅಂದಿದ್ದೇವಲ್ಲ. ಹಾಗಾದರೆ ಇದು ‘ಏತದ ತಂಡ’! ಬಾವಿಯ ಏತ ನೋಡಿದವರಿಗೆ ವಿವರಿಸಬೇಕಿಲ್ಲ. ಗಳುವಿನ ಒಂದು ತುದಿ ಬಾಗಿ ಬಾನಿ ಮುಳುಗುತ್ತದೆ, ತುಂಬಿಕೊಂಡು ಏಳುತ್ತದೆ, ನೀರು ಸುರಿದು ಮತ್ತೆ ಇಳಿಯುತ್ತದೆ. ಮೇಲೆ ಬಂದರೂ ಅಲ್ಲಿ ನಿಲ್ಲುವುದಿಲ್ಲ. ಲಿಫ್ಟಿಗಿಂತ ಇದೇ ವಾಸಿ ಅನ್ನಿಸಿತು.

ನನ್ನ ಕೇಳಿಕೆ ಎರಡೇ. ಒಂದು, ಉಳಿಯಲೂಬಹುದು ಹೋಗಲೂಬಹುದು ಅನ್ನುವ ಆ ನಡುವಿನ ಪಂದ್ಯಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಏನಾದರೂ ಇದೆಯಾ? ಕಬಡ್ಡಿ, ವಾಲಿಬಾಲ್ ಟೂರ್ನಿಗಳಲ್ಲಿ ಕೇಳಿದ್ದಾದರೂ ಸರಿ. ಇನ್ನೊಂದು, ಮೆಟ್ಟಿಲಿಗೆ ‘ದರ್ಜೆ’ ಬೇಡ ಅನ್ನಿಸುತ್ತಿದೆ. ‘ನಾಲ್ಕನೇ ದರ್ಜೆ ತಂಡ’ ಅಂದರೆ ಬೈದ ಹಾಗೆ ಕೇಳಿಸುತ್ತದೆ. ‘ನಾಲ್ಕನೇ ಮೆಟ್ಟಿಲಿನ ತಂಡ’ ಅಂದರೆ ಓದುವಾಗ ತಡವರಿಸುತ್ತದಾ?