ಆರೋಗ್ಯ ಯೋಜನೆಗಳ ಬಗ್ಗೆ ಪಕ್ಷದ ಪಾಂಪ್ಲೆಟ್: ಏನು ಬರೆಯಬೇಕು, ಏನು ಬಿಡಬೇಕು?

ಬೂತ್ ಕೆಲಸ, ಬಾಗೇಪಲ್ಲಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಾಗೇಪಲ್ಲಿ, ಗುಡಿಬಂಡೆ ಭಾಗದ 32 ಬೂತ್‌ಗಳಲ್ಲಿ ಆರೋಗ್ಯ ಯೋಜನೆಗಳ ಪಾಂಪ್ಲೆಟ್ ಹಂಚಬೇಕಿದೆ. ಪಕ್ಷದ ಹೆಸರು, ನಾಯಕರ ಫೋಟೊ ಎಲ್ಲಿ ಬರಬೇಕೆಂಬುದು ಮೇಲಿನವರ ತೀರ್ಮಾನ. ಒಳಗಿನ ಬರಹ ಮಾತ್ರ ನಮ್ಮ ಕೈಲಿದೆ. ಬಂದಿರುವ ಕರಡು ಹೀಗಿದೆ:

"ಬಡವರಿಗೆ ₹5 ಲಕ್ಷದವರೆಗೆ ಸಂಪೂರ್ಣ ಉಚಿತ ಚಿಕಿತ್ಸೆ! ಎಪಿಎಲ್‌ನವರಿಗೂ ₹1.5 ಲಕ್ಷ! ಯಾವುದೇ ಆಸ್ಪತ್ರೆಗೆ ಹೋಗಿ, ಕಾರ್ಡ್ ತೋರಿಸಿ. ಹೃದಯಾಘಾತಕ್ಕೆ ಉಚಿತ ಇಂಜೆಕ್ಷನ್. ಮನೆ ಬಾಗಿಲಿಗೇ ಗೃಹ ಆರೋಗ್ಯ. 70 ದಾಟಿದ ಎಲ್ಲರಿಗೂ ₹5 ಲಕ್ಷ."

ಇದನ್ನು ನಂಬಿ ಆಸ್ಪತ್ರೆಗೆ ಹೋದವರಿಗೆ ಅಲ್ಲಿ ಏನಾಗುತ್ತದೆ ಎಂಬುದೇ ಚಿಂತೆ. ಬರಹ ಹೇಗೆ ತಿದ್ದಬೇಕು? ಎಷ್ಟು ಪ್ರತಿ ಬೇಕು? ನಮ್ಮ ಕಡೆ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ತೆಲುಗು ಮಾತು, ಅದಕ್ಕೇನು ಮಾಡುವುದು? ಕಾನೂನಿನ ತೊಡಕೇನಾದರೂ ಇದೆಯೇ? ಗೊತ್ತಿರುವವರು ಬಿಡಿಸಿ ಹೇಳಿ.

ಕೌಂಟರ್ ಈಚೆ, ತುಮಕೂರು

ಮೊದಲು ಹೊಡೆದು ಹಾಕಬೇಕಾದದ್ದು "ಯಾವುದೇ ಆಸ್ಪತ್ರೆಗೆ ಹೋಗಿ" ಎಂಬ ಮಾತು. ನಿಮ್ಮ ಕರಡಿನ 5 ಲಕ್ಷದ ಕಾರ್ಡ್ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ರೋಗಿ ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೆ. ಆ ಚಿಕಿತ್ಸೆ ಅಲ್ಲಿ ಸಿಗದಿದ್ದರೆ ಅಲ್ಲಿನ ವೈದ್ಯರು ರೆಫರಲ್ (ಬೇರೆ ಆಸ್ಪತ್ರೆಗೆ ಕಳಿಸುವ ಶಿಫಾರಸು ಚೀಟಿ) ಕೊಡುತ್ತಾರೆ, ಆಮೇಲೆ ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆ. ತುರ್ತು ಸಂದರ್ಭಕ್ಕೆ ಮಾತ್ರ ರೆಫರಲ್ ಬೇಕಿಲ್ಲ, ಅದೂ ನೋಂದಾಯಿತ ಆಸ್ಪತ್ರೆಯಲ್ಲಿ. ಈ ಮೂರು ವಾಕ್ಯ ಪಾಂಪ್ಲೆಟ್‌ನಲ್ಲಿ ಇಲ್ಲದಿದ್ದರೆ ಜನ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗುತ್ತಾರೆ, ಮುಂಗಡ ಕಟ್ಟುತ್ತಾರೆ, ಎರಡನೇ ದಿನ "ರೆಫರಲ್ ತಂದಿದ್ದೀರಾ?" ಎಂಬ ಪ್ರಶ್ನೆ ಬರುತ್ತದೆ. ಅಷ್ಟು ಹೊತ್ತಿಗೆ ರೋಗಿಯನ್ನು ಎಬ್ಬಿಸಿಕೊಂಡು ವಾಪಸ್ ಬರುವ ಸ್ಥಿತಿ ಇರುವುದಿಲ್ಲ.

ಎರಡನೆಯದು "ಸಂಪೂರ್ಣ ಉಚಿತ". 5 ಲಕ್ಷ ರೂಪಾಯಿ ಇರುವುದು ಕುಟುಂಬಕ್ಕೆ, ವರ್ಷಕ್ಕೆ. ತಲೆಗೆ ಅಷ್ಟಲ್ಲ. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮೊದಲೇ ಪ್ಯಾಕೇಜ್ ದರ ಗೊತ್ತುಮಾಡಿರುತ್ತಾರೆ, ಅದರ ಮೇಲೆ ಆಸ್ಪತ್ರೆಗೆ ಹಣ ಸಂದಾಯ. ಖಾಸಗಿ ಆಸ್ಪತ್ರೆಯ ಹೊರರೋಗಿ ಚೀಟಿ, ಮೆಡಿಕಲ್ ಶಾಪಿನ ಮಾಮೂಲಿ ಬಿಲ್ಲು ಇದರಲ್ಲಿ ಬರುವುದಿಲ್ಲ. ಹಳ್ಳಿಗಳಲ್ಲಿ ಬೇಸರ ಹುಟ್ಟುವುದೇ ಇಲ್ಲಿ: ಜ್ವರಕ್ಕೆ ಕ್ಲಿನಿಕ್ಕಿಗೆ ಹೋಗಿ ಕಾರ್ಡ್ ತೋರಿಸುತ್ತಾರೆ, ನಡೆಯಲ್ಲ ಅನ್ನುತ್ತಾರೆ, ಅಲ್ಲಿಗೆ "ಈ ಕಾರ್ಡೇ ಬೋಗಸ್" ಎಂಬ ಮಾತು ಊರಿಡೀ ಹಬ್ಬುತ್ತದೆ. ನಾಳೆ ಅದೇ ಮನೆಯಲ್ಲಿ ಆಪರೇಷನ್ ಬೇಕಾದಾಗ ಯಾರೂ ಕಾರ್ಡ್ ಹೊರಗೆ ತೆಗೆಯುವುದಿಲ್ಲ.

ಎಪಿಎಲ್ ಸಾಲು ಇನ್ನೂ ಅಪಾಯ. ಅವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಲೆಕ್ಕ ಹಾಕಿಯೇ ತೋರಿಸಿ: ಪ್ಯಾಕೇಜ್ 60,000 ರೂ. ಇದ್ದರೆ ಸರ್ಕಾರದ್ದು 18,000, ಮನೆಯವರದ್ದು 42,000. ಈ ಒಂದು ಉದಾಹರಣೆ ಇದ್ದರೆ ಯಾರೂ ಮೋಸ ಹೋದೆವು ಅನ್ನುವುದಿಲ್ಲ, ಹಣ ಹೊಂದಿಸಿಕೊಂಡೇ ಬರುತ್ತಾರೆ.

70 ದಾಟಿದವರ ವಯ ವಂದನಾ ಯೋಜನೆಗೆ ಕೇಂದ್ರ ಚಾಲನೆ ಕೊಟ್ಟದ್ದು 2024ರ ಅಕ್ಟೋಬರ್ 29ರಂದು. ಆದರೆ ದೆಹಲಿಯಲ್ಲಿ ಚಾಲನೆ ಸಿಕ್ಕಿತು ಎಂದ ಮಾತ್ರಕ್ಕೆ ಅಚ್ಚು ಹಾಕಬೇಡಿ. ಜಿಲ್ಲಾಸ್ಪತ್ರೆಯಲ್ಲಿ ಕೂತು ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ, ಅಂದರೆ ಆರೋಗ್ಯಮಿತ್ರರನ್ನು ಒಂದೇ ಪ್ರಶ್ನೆ ಕೇಳಿ: "ಇವತ್ತು 72 ವರ್ಷದ ಎಪಿಎಲ್ ಅಜ್ಜಿ ಬಂದರೆ ಇದರಲ್ಲಿ ದಾಖಲು ಮಾಡಿಕೊಳ್ಳುತ್ತೀರಾ?" ಹೌದು ಎಂದರೆ ಹಾಕಿ, ಇಲ್ಲವಾದರೆ ಆ ಸಾಲು ಬೇಡ. ಎಲ್ಲ ಯೋಜನೆಗೂ ಇದೇ ಪರೀಕ್ಷೆ. ಬಜೆಟ್ ಭಾಷಣ ಬೇರೆ, ಸರ್ಕಾರಿ ಆದೇಶ ಬೇರೆ, ಆಸ್ಪತ್ರೆ ಕೌಂಟರಿನಲ್ಲಿ ನಡೆಯುವುದು ಬೇರೆ. ಪಕ್ಷಗಳು ಸಾಮಾನ್ಯವಾಗಿ ಮೊದಲನೆಯದು ಬಂದ ಮಾರನೇ ದಿನವೇ ಫ್ಲೆಕ್ಸ್ ಕಟ್ಟುತ್ತವೆ, ಜನ ಮೂರನೆಯದರ ಹತ್ತಿರ ಬಂದು ನಿಲ್ಲುತ್ತಾರೆ. ನಡುವಿನ ತಿಂಗಳುಗಳ ಕೋಪವೆಲ್ಲ ಕೌಂಟರಿನ ಹುಡುಗಿಯ ಮೇಲೆ ಬೀಳುತ್ತದೆ.

ಪ್ರೂಫ್ ನೋಡುವವರು, ಕೋಲಾರ

ಅಚ್ಚಿನ ವಿಷಯ ನಾನು ಹೇಳುತ್ತೇನೆ.

ಬೂತ್‌ಗೆ ಸರಾಸರಿ 280 ಮನೆ ಹಿಡಿದರೆ 32 ಬೂತ್‌ಗೆ 8,960. ಹಾಳಾಗುವುದು, ಡೈರಿ, ಸಂತೆ ಹತ್ತಿರ ಕೊಡುವುದು ಸೇರಿ ಶೇ 10 ಹೆಚ್ಚು ಇಟ್ಟುಕೊಳ್ಳಿ. 10,000 ಸಾಕು. ಮತದಾರರ ಲೆಕ್ಕದಲ್ಲಿ 35,000 ಹೊಡೆಸುವವರಿದ್ದಾರೆ, ಒಂದೇ ಮನೆಗೆ ನಾಲ್ಕು ಹೋಗಿ ಮೂರು ಒಲೆಗೆ ಸೇರುತ್ತವೆ.

ಎ5 ಸೈಜ್, ಎರಡೂ ಬದಿ, 80 ಜಿಎಸ್‌ಎಂ ಕಾಗದ. ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿಸಿ, ಯಾಕೆಂದರೆ ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತವೆ. ಈ ಲೆಕ್ಕದಲ್ಲಿ ಒಂದು ಬದಿಗೆ ಸುಮಾರು 120 ಪದ ಹಿಡಿಯುತ್ತದೆ. ಪಕ್ಷದ ಬಣ್ಣ ತುಂಬಿ ಅದರ ಮೇಲೆ ಬಿಳಿ ಅಕ್ಷರ ಬೇಡವೇ ಬೇಡ. ತೆಳು ಕಾಗದದಲ್ಲಿ ಇಂಕು ಹರಡಿ ಒತ್ತಕ್ಷರ ಮುಚ್ಚಿಹೋಗುತ್ತದೆ. ಹೆಡ್ಡಿಂಗ್‌ಗೆ ಬಣ್ಣ ಇರಲಿ, ಮಾಹಿತಿ ಬಿಳಿ ಮೇಲೆ ಕಪ್ಪು.

ಈಗ ನಿಜವಾದ ಕಾಟ. ನೀವು ವಾಟ್ಸ್ಯಾಪ್‌ನಲ್ಲಿ ಕಳಿಸುವುದು ಯೂನಿಕೋಡ್. ತುಂಬ ಪ್ರೆಸ್‌ಗಳಲ್ಲಿ ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಅದನ್ನು ಹಳೆಯ ನುಡಿ ಫಾಂಟಿಗೆ ಪರಿವರ್ತಿಸಿ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರಿಗೆ ಹಾಕುತ್ತಾರೆ. ಆಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ₹ ಗುರುತು ಮಾಯವಾಗುತ್ತದೆ ಅಥವಾ ಬೇರೇನೋ ಅಕ್ಷರ ಆಗುತ್ತದೆ. ಹಾಗಾಗಿ "ರೂ." ಎಂದೇ ಬರೆಯಿರಿ. 1.5 ಲಕ್ಷದಲ್ಲಿ ಚುಕ್ಕಿ ಹೋದರೆ ಅದು 15 ಲಕ್ಷ! "ಒಂದೂವರೆ ಲಕ್ಷ" ಎಂದು ಅಕ್ಷರದಲ್ಲಿ ಹಾಕಿಸಿ. ಪ್ಲೇಟ್ ಮಾಡುವ ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡು ಹಿಡಿದು ನೋಡಬೇಕು. ಫೋನ್ ನಂಬರ್‌ಗಳನ್ನು ನಿಜವಾಗಿ ಡಯಲ್ ಮಾಡಿ ನೋಡಿ.

ಕೆಳಗಡೆ ಮುದ್ರಿಸಿದ ತಿಂಗಳು, ವರ್ಷ ಹಾಕಿಸಿ. ಯೋಜನೆಯ ಹೆಸರು, ಷರತ್ತು ಬದಲಾಗುತ್ತಲೇ ಇರುತ್ತವೆ. ದಿನಾಂಕವಿಲ್ಲದ ಪೋಸ್ಟರ್ ವಾಟ್ಸ್ಯಾಪ್‌ನಲ್ಲಿ ಐದು ವರ್ಷ ಸುತ್ತುತ್ತದೆ.

ಕಾನೂನು: ಚುನಾವಣೆಗೆ ಸಂಬಂಧಿಸಿದ ಕರಪತ್ರವಾದರೆ ಪ್ರಜಾಪ್ರಾತಿನಿಧ್ಯ ಕಾಯ್ದೆ 1951ರ 127ಎ ಕಲಂ ಅನ್ವಯ. ಮುದ್ರಕರು, ಪ್ರಕಾಶಕರು ಇಬ್ಬರ ಹೆಸರು, ವಿಳಾಸ ಮುಖಪುಟದಲ್ಲಿ ಇರಬೇಕು. ಪ್ರಕಾಶಕರು ಸಹಿ ಮಾಡಿ, ತಮ್ಮನ್ನು ಬಲ್ಲ ಇಬ್ಬರಿಂದ ದೃಢೀಕರಿಸಿದ ಘೋಷಣೆಯನ್ನು ಎರಡು ಪ್ರತಿಯಲ್ಲಿ ಪ್ರೆಸ್ಸಿಗೆ ಕೊಡಬೇಕು. ಪ್ರೆಸ್ಸಿನವರು ಅದರ ಒಂದು ಪ್ರತಿಯನ್ನೂ ಕರಪತ್ರವನ್ನೂ ಜಿಲ್ಲಾಧಿಕಾರಿ ಕಚೇರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ ಅಥವಾ 2,000 ರೂ.ವರೆಗೆ ದಂಡ ಅಥವಾ ಎರಡೂ. ಚುನಾವಣೆ ಹತ್ತಿರವಿಲ್ಲದಿದ್ದರೂ ಇಬ್ಬರ ಹೆಸರೂ ಹಾಕಿಸಿಬಿಡಿ. ಅಶೋಕ ಲಾಂಛನ, ಗಂಡಭೇರುಂಡದ ಮುದ್ರೆ ಹಾಕಬೇಡಿ, ಇದು ಪಕ್ಷದ ಕಾಗದ, ಇಲಾಖೆಯದ್ದಲ್ಲ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಗೆ 2005ರಿಂದ ಪ್ರತ್ಯೇಕ ಕಾಯ್ದೆಯೇ ಇದೆ.

ಇನ್ನೊಂದು ಮಾತು. "ಈ ಫಾರಂ ತುಂಬಿ ಕೊಡಿ, ಗೆದ್ದ ಮೇಲೆ ನಿಮಗೆ ಆರೋಗ್ಯ ಕಾರ್ಡ್" ಎಂಬಂಥ ನೋಂದಣಿಗೆ ಕೈ ಹಾಕಬೇಡಿ. ಇಂಥ ನೋಂದಣಿ ನಿಲ್ಲಿಸಿ ಎಂದು 2024ರ ಮೇ 2ರಂದು ಚುನಾವಣಾ ಆಯೋಗ ಎಲ್ಲ ಪಕ್ಷಗಳಿಗೂ ಹೇಳಿದೆ. ಅದು ಲಂಚದ ಆಮಿಷದ ಸಾಲಿಗೆ ಸೇರುತ್ತದೆ.

ಬೂತ್ ಕೆಲಸ, ಬಾಗೇಪಲ್ಲಿ

ತುಂಬ ಉಪಕಾರ. ಚುಕ್ಕಿಯ ವಿಷಯ ಹೊಳೆದೇ ಇರಲಿಲ್ಲ. ಇನ್ನೊಂದು ಅನುಮಾನ. ಒಂದು ಪಕ್ಷದವರು ಇದು ಕೇಂದ್ರದ ಕಾರ್ಡ್ ಅನ್ನುತ್ತಾರೆ, ಇನ್ನೊಂದು ಪಕ್ಷದವರು ರಾಜ್ಯದ್ದು ಅನ್ನುತ್ತಾರೆ. ಕೆಲವರ ಹತ್ತಿರ ಎರಡು ಥರದ ಕಾರ್ಡ್ ಇವೆ, ಡೈರಿ ಸದಸ್ಯರ ಹತ್ತಿರ ಯಶಸ್ವಿನಿಯೂ ಇದೆ. "ಒಟ್ಟು ಹದಿನೈದು ಲಕ್ಷ ಬರುತ್ತಾ?" ಅಂತ ಕೇಳುತ್ತಾರೆ. ಏನು ಹೇಳುವುದು?

ಕೌಂಟರ್ ಈಚೆ, ತುಮಕೂರು

ಆರೋಗ್ಯ ಕರ್ನಾಟಕ ಶುರುವಾದದ್ದು 2018ರ ಮಾರ್ಚ್‌ನಲ್ಲಿ, ಕೇಂದ್ರದ ಆಯುಷ್ಮಾನ್ ಭಾರತ್ ಅದೇ ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಒಂದು ಮಾಡಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಕೇಂದ್ರದ ಪಟ್ಟಿಯ ಕುಟುಂಬಗಳ ಖರ್ಚನ್ನು ಕೇಂದ್ರ, ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ, ಉಳಿದ ಕುಟುಂಬಗಳದ್ದು ಪೂರ್ತಿ ರಾಜ್ಯದ್ದು. 2023ರಲ್ಲಿ ಕಾರ್ಡಿನ ಮೇಲಿನ ಹೆಸರು ಬದಲಾಗಿ ಪ್ರಧಾನಮಂತ್ರಿ, ಮುಖ್ಯಮಂತ್ರಿ ಇಬ್ಬರ ಪದವಿಯೂ ಸೇರಿಕೊಂಡಿತು. ಹಳೆ ಕಾರ್ಡ್, ಹೊಸ ಕಾರ್ಡ್ ಬೇರೆ ಬೇರೆ ಕಾಣುವುದು ಇದಕ್ಕೇ. ಯೋಜನೆ ಒಂದೇ, 5 ಲಕ್ಷವೂ ಒಂದೇ.

ಯಶಸ್ವಿನಿ ಸಂಪೂರ್ಣ ಬೇರೆ. ಅದು ಸಹಕಾರ ಇಲಾಖೆಯದ್ದು, ಸಹಕಾರ ಸಂಘದ ಸದಸ್ಯರಿಗೆ. ನಡುವೆ ನಿಂತು ಮತ್ತೆ ಜಾರಿಯಾದಾಗ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರವರೆಗಿನ ಕುಟುಂಬಕ್ಕೆ ವರ್ಷಕ್ಕೆ 500 ರೂ. ಕಟ್ಟಿಸಿಕೊಳ್ಳುತ್ತಿದ್ದರು. ಪ್ರತಿ ವರ್ಷ ನವೀಕರಿಸಬೇಕು. ಆಸ್ಪತ್ರೆ ಪಟ್ಟಿಯೂ ಬೇರೆ. ಒಂದೇ ಪಾಂಪ್ಲೆಟ್‌ನಲ್ಲಿ ಎರಡನ್ನೂ ತುರುಕಬೇಡಿ. "ಯಶಸ್ವಿನಿ ಬೇರೆ ಯೋಜನೆ, ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ" ಎಂಬ ಒಂದು ಸಾಲು ಸಾಕು.

ಕೀರ್ತಿ ಯಾರಿಗೆ ಎಂಬ ಜಗಳ ಬೇಕಿದ್ದರೆ ಹಿಂಬದಿಯಲ್ಲಿ ಆಡಿ. ಮುಂಬದಿ ರೋಗಿಯದ್ದು.

ಮುಳಬಾಗಿಲು ಗಡಿ

ಭಾಷೆ ಬಗ್ಗೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಅತ್ತ ಪಾವಗಡ, ಇಲ್ಲೆಲ್ಲ ಮನೆಮಾತು ತೆಲುಗಾದರೂ ಸ್ಕೂಲಿನಲ್ಲಿ ಕಲಿತದ್ದು ಕನ್ನಡ ಅಕ್ಷರ. ತೆಲುಗು ಲಿಪಿಯಲ್ಲಿ ಅಚ್ಚು ಹಾಕಿಸಿದರೆ ಓದುವವರು ಕಡಿಮೆ. ಅಚ್ಚು ಕನ್ನಡದಲ್ಲೇ ಇರಲಿ, ಆಡಿಯೋ ತೆಲುಗಿನಲ್ಲಿ ಮಾಡಿ. ಆಂಧ್ರದ ಟಿವಿ ತೆಲುಗು ಬೇಡ, ನಿಮ್ಮೂರಿನ ಹೆಂಗಸರು ಮಾತಾಡುವ ತೆಲುಗಿನಲ್ಲಿ, 40 ಸೆಕೆಂಡ್ ಮೀರದ ಹಾಗೆ. ಒಂದು ಆಡಿಯೋಗೆ ಒಂದೇ ವಿಷಯ. ಕೆಜಿಎಫ್ ಕಡೆ ಇದೇ ಕೆಲಸ ತಮಿಳಿನಲ್ಲಿ, ಚಿಂತಾಮಣಿ ಪೇಟೆಯಲ್ಲಿ ಉರ್ದುವಿನಲ್ಲಿ ಆಗಬೇಕು.

ಹಂಚುವ ಹೊತ್ತು: ಬೆಳಗ್ಗೆ 6ರಿಂದ 8, ಸಂಜೆ 5ರಿಂದ 7, ಹಾಲು ಹಾಕಲು ಬರುವಾಗ ಡೈರಿ ಹೊರಗಡೆ. ಹನ್ನೊಂದು ಗಂಟೆಗೆ ಮನೆ ಬಾಗಿಲು ಬಡಿದರೆ ಎಲ್ಲ ತೋಟದಲ್ಲಿರುತ್ತಾರೆ. ಆಶಾ ಕಾರ್ಯಕರ್ತೆಯರ ಕೈಗೆ ಪಕ್ಷದ ಕಾಗದ ಕೊಟ್ಟು ಹಂಚಿಸಬೇಡಿ. ನಾಳೆ ಅವರು ಬಿಪಿ ನೋಡಲು ಬಂದರೆ ಇನ್ನೊಂದು ಪಕ್ಷದ ಮನೆಯವರು ಬಾಗಿಲು ತೆಗೆಯುವುದಿಲ್ಲ. ಗೃಹ ಆರೋಗ್ಯ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲೇ ಶುರುವಾದದ್ದು, 30 ದಾಟಿದವರ ಬಿಪಿ, ಶುಗರ್ ಮುಂತಾದವುಗಳ ತಪಾಸಣೆ ಅದರ ಕೆಲಸ. "ಮನೆ ಬಾಗಿಲಿಗೇ ಗೃಹ ಆರೋಗ್ಯ" ಎಂದರೆ ಜನ ಡಾಕ್ಟರೇ ಬರುತ್ತಾರೆ ಅಂದುಕೊಳ್ಳುತ್ತಾರೆ. "ಮನೆಗೆ ಬಂದು ತಪಾಸಣೆ" ಎಂದು ಬಿಡಿಸಿ ಬರೆಯಿರಿ.

ನಿಮ್ಮ ಹುಡುಗರು ಯಾರ ಆಧಾರ್, ರೇಷನ್ ಕಾರ್ಡ್ ಫೋಟೊವನ್ನೂ ತೆಗೆಯಬಾರದು, ಓಟಿಪಿ ಕೇಳಲೇಬಾರದು. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಬೂತ್ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದಂತೂ ದೊಡ್ಡ ತಪ್ಪು.

ಮಧುಗಿರಿ ಓದುಗರು

ತುಮಕೂರಿನವರ ಮಾತಿಗೆ ಒಂದು ತಕರಾರು. "ಇದಕ್ಕೆ ಬರಲ್ಲ, ಅದಕ್ಕೆ ಬರಲ್ಲ" ಎಂದೇ ಮುಂಬದಿ ತುಂಬಿದರೆ ಹೆದರಿದ ಮನೆಯವರು ಆಸ್ಪತ್ರೆಗೇ ಹೋಗುವುದಿಲ್ಲ. ಎದೆನೋವಿನ ಸಾಲು ಅದಕ್ಕೆ ಸಾಕ್ಷಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮುಖ್ಯ ಸಂಗತಿ ಇಂಜೆಕ್ಷನ್ ಉಚಿತ ಎಂಬುದಲ್ಲ. ಎದೆನೋವು ಬಂದರೆ ಕಾರು ಹುಡುಕಿಕೊಂಡು ಬೆಂಗಳೂರಿಗೆ ಹೊರಡದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಇಸಿಜಿ ತೆಗೆದು, ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಮೊದಲ ಗಂಟೆಗಳಲ್ಲೇ ಅದರ ಫಲ ಹೆಚ್ಚು. ಅಲ್ಲಿ ಷರತ್ತು ಬರೆಯುತ್ತಾ ಕೂರಬಾರದು, "ಹೋಗಿ" ಎಂದು ದಪ್ಪಕ್ಷರದಲ್ಲಿ ಹೇಳಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಎಂದು ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ.

ಕೌಂಟರ್ ಈಚೆ, ತುಮಕೂರು

ಒಪ್ಪಿದೆ. ತುರ್ತು ವಿಷಯ ಮೊದಲು, ಷರತ್ತು ಆಮೇಲೆ.

ಬೂತ್ ಕೆಲಸ, ಬಾಗೇಪಲ್ಲಿ

ಮುಂಬದಿ ಹೀಗೆ ಬರೆದಿದ್ದೇವೆ, ನೋಡಿ:

"ಎದೆನೋವೇ? ತಡಮಾಡದೆ 108ಕ್ಕೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ. ಆಪರೇಷನ್ ಅಥವಾ ದೊಡ್ಡ ಚಿಕಿತ್ಸೆ ಬೇಕೇ? ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಿಪಿಎಲ್ ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಅಲ್ಲಿ ಆಗದಿದ್ದರೆ ರೆಫರಲ್ ಕೇಳಿ ಪಡೆಯಿರಿ. ರೆಫರಲ್ ಇದ್ದರೆ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ 5 ಲಕ್ಷ ರೂ.ವರೆಗೆ ಚಿಕಿತ್ಸೆ. ತುರ್ತಿದ್ದರೆ ರೆಫರಲ್ ಬೇಡ. ಹೊರರೋಗಿ ಬಿಲ್ಲಿಗೆ ಅನ್ವಯಿಸದು. ಹಣ ಕೇಳಿದರೆ 1800 425 8330ಕ್ಕೆ ದೂರು ಕೊಡಿ. ಮಾಹಿತಿಗೆ 104."

ಎಪಿಎಲ್ ಲೆಕ್ಕ, ಯಶಸ್ವಿನಿ ಸಾಲು, ಪಕ್ಷದ ಮಾತು ಹಿಂಬದಿಗೆ. 70ರ ಸಾಲನ್ನು ವಿಚಾರಿಸುವ ತನಕ ತೆಗೆದಿದ್ದೇವೆ.

ಕೌಂಟರ್ ಈಚೆ, ತುಮಕೂರು

ಚೆನ್ನಾಗಿದೆ. "5 ಲಕ್ಷ" ಮುಂದೆ "ಕುಟುಂಬಕ್ಕೆ ವರ್ಷಕ್ಕೆ" ಬಿಟ್ಟುಹೋಗಿದೆ, ಸೇರಿಸಿ. "ಹಣ ಕೇಳಿದರೆ" ಎಂಬಲ್ಲಿ "ಬಿಪಿಎಲ್‌ನವರಿಗೆ" ಎಂದು ಹಾಕಿ, ಎಪಿಎಲ್‌ನವರು ತಮ್ಮ ಪಾಲು ಕಟ್ಟಲೇಬೇಕಲ್ಲ. ಜೊತೆಗೆ "ರಸೀದಿ ಇಟ್ಟುಕೊಳ್ಳಿ" ಎಂಬ ಎರಡು ಪದ. ರಸೀದಿ ಇಲ್ಲದ ದೂರು ಮುಂದೆ ಹೋಗುವುದು ಕಷ್ಟ.